ಕೋಹಾ, ಸ್ಲಿಮ್ಸ್, ಇ-ಗ್ರಂಥಾಲಯ, ಸೋಲ್: ನಮ್ಮ ಭಾಗದ ಗ್ರಂಥಾಲಯಗಳಿಗೆ ಯಾವುದು ಹೊಂದುತ್ತದೆ?

ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಕೊಡು-ಕೊಳ್ಳುವ ಲೆಕ್ಕ ಇಡಲು ಯಾವ ತಂತ್ರಾಂಶ ಹಾಕಬೇಕೆಂದು ಕಳೆದ ಬೇಸಿಗೆಯಿಂದೀಚೆಗೆ ಮೂವರು ನನ್ನನ್ನು ಕೇಳಿದ್ದಾರೆ. ಒಬ್ಬರು ಯಾದಗಿರಿ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರ ಗ್ರಂಥಪಾಲಕರು. ಅವರಲ್ಲಿರುವುದು 12,000 ಪುಸ್ತಕ, ಒಂದೇ ಕಂಪ್ಯೂಟರ್. ಎದುರಿಗೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಯೂ ಇದೆ. ಇನ್ನೊಬ್ಬರು ಬೀದರಿನ ಹಳೆ ಊರಿನಲ್ಲಿ, ಮಹಮೂದ್ ಗವಾನನ ಮದರಸಾದಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಂಘವೊಂದರ ವಾಚನಾಲಯವನ್ನು ನೋಡಿಕೊಳ್ಳುವ ನಿವೃತ್ತ ಮಾಸ್ತರರು. ಅಲ್ಲಿ ಕನ್ನಡ, ಉರ್ದು, ಮರಾಠಿ, ಹಿಂದಿ ಸೇರಿ ಸುಮಾರು 4,000 ಪುಸ್ತಕಗಳಿವೆ, ಸಂಬಳದ ಸಿಬ್ಬಂದಿ ಯಾರೂ ಇಲ್ಲ. ಮೂರನೆಯವರು ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನವರು. ಅವರಿಗೆ ಸರ್ವರ್ ಇದೆ, ವಿಂಡೋಸ್ ಬದಲು ಬಳಸುವ ಲಿನಕ್ಸ್ ಬಲ್ಲ ಹುಡುಗರಿದ್ದಾರೆ, ಹತ್ತು ವರ್ಷಗಳಷ್ಟು ಹಳೆಯ ದತ್ತಾಂಶವೂ ಇದೆ. ಮೂವರೂ ಕೊನೆಗೆ ಕೇಳಿದ್ದು ಇಷ್ಟೇ: "ಯಾವುದು ಛಲೋ ಅದ, ಅಷ್ಟು ಹೇಳ್ರಿ ಸರ್."

ಅಷ್ಟೇ ಹೇಳಿ ಮುಗಿಸಲು ಆಗದ ಕಾರಣ ಇದನ್ನು ಬರೆಯುತ್ತಿದ್ದೇನೆ. ಈ ತಂತ್ರಾಂಶಗಳ ವೈಶಿಷ್ಟ್ಯಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಕ್ಯಾಟಲಾಗ್, ಇಶ್ಯೂ-ರಿಟರ್ನ್, ಬಾರ್‌ಕೋಡ್, ದಂಡ, ವರದಿ, ಸ್ಟಾಕ್ ವೆರಿಫಿಕೇಶನ್ ಎಲ್ಲದರಲ್ಲೂ ಉಂಟು. ಅವು ಬೇರೆ ಬೇರೆಯೆಂದು ತಿಳಿಯುವುದು ಕೊಂಡ ದಿನ ಅಲ್ಲ, ಕೆಟ್ಟ ದಿನ. ಆದ್ದರಿಂದ ಮೊದಲು ಅಳತೆಗೋಲನ್ನು ನಿಶ್ಚಯಿಸಿಕೊಂಡು, ಆಮೇಲೆ ಒಂದೊಂದನ್ನೇ ಅದರ ಪಕ್ಕಕ್ಕೆ ಹಿಡಿಯೋಣ.

ಅಳತೆಗೋಲು

ಮೊದಲನೆಯದು, ತಂತ್ರಾಂಶ ನಿಂತುಹೋದ ದಿನ ಅದನ್ನು ಎಬ್ಬಿಸುವವರು ಯಾರು ಎಂಬುದು. ಇದಕ್ಕೆ ಒಬ್ಬ ಮನುಷ್ಯನ ಹೆಸರನ್ನು ಹೇಳಲು ಬರಬೇಕು. "ಕಂಪ್ಯೂಟರ್ ವಿಭಾಗದವರು ನೋಡಿಕೊಳ್ಳುತ್ತಾರೆ" ಎಂಬುದು ಉತ್ತರವಲ್ಲ. ಆ ವಿಭಾಗದಲ್ಲಿ ಯಾರು, ಅವರು ವರ್ಗವಾಗಿ ಹೋದರೆ ನಂತರ ಯಾರು ಎಂದು ಕೇಳಿಕೊಳ್ಳಬೇಕು. ಎರಡನೆಯದು, ಒಳಗೆ ತುಂಬಿದ ದತ್ತಾಂಶ ಹೊರಗೆ ಬರುವ ದಾರಿ. ತಂತ್ರಾಂಶಗಳು ಬದಲಾಗುತ್ತವೆ, ನಿಂತುಹೋಗುತ್ತವೆ. ಆದರೆ ಪುಸ್ತಕಗಳ ದಾಖಲೆ ಮೂವತ್ತು ವರ್ಷ ಉಳಿಯಬೇಕಾದದ್ದು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ರೂಪಿಸಿದ ಮಾರ್ಕ್ ಎಂಬ ದಾಖಲೆ ವಿನ್ಯಾಸ ಇಂದಿಗೂ ಚಾಲ್ತಿಯಲ್ಲಿರುವುದು ಈ ಕಾರಣಕ್ಕಾಗಿಯೇ. 100ನೆಯ ಕ್ಷೇತ್ರದಲ್ಲಿ ಲೇಖಕ, 245ರಲ್ಲಿ ಶೀರ್ಷಿಕೆ ಎಂದು ಒಮ್ಮೆ ಬರೆದಿಟ್ಟರೆ ಮಾರ್ಕ್21 ಬಲ್ಲ ಯಾವ ದೇಶದ ತಂತ್ರಾಂಶವಾದರೂ ಅದನ್ನು ಓದಿಕೊಳ್ಳುತ್ತದೆ.

ಮೂರನೆಯದು ಲಿಪಿ. ಇದನ್ನು ಬೆಂಗಳೂರಿನ ಮಾರಾಟಗಾರರು ಅರ್ಧ ನಿಮಿಷದಲ್ಲಿ ದಾಟಿಬಿಡುತ್ತಾರೆ, ನಮಗೆ ಹಾಗೆ ದಾಟಲಾಗದು. ಈ ಮೂರು ಜಿಲ್ಲೆಗಳ ಯಾವುದೇ ಹಳೆಯ ಗ್ರಂಥಾಲಯಕ್ಕೆ ಹೋದರೂ ಕನ್ನಡದ ಪಕ್ಕದಲ್ಲಿ ಉರ್ದು ಇರುತ್ತದೆ. ಬೀದರಿನಲ್ಲಿ ಮರಾಠಿ, ಯಾದಗಿರಿಯ ಪೂರ್ವದ ಅಂಚಿನಲ್ಲಿ ತೆಲುಗು ಜೊತೆಗೂಡುತ್ತವೆ. ಎಡದಿಂದ ಬಲಕ್ಕೆ ಬರೆಯುವ ಕನ್ನಡ ಮತ್ತು ಬಲದಿಂದ ಎಡಕ್ಕೆ ಬರೆಯುವ ಉರ್ದು ಒಂದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕು, ಎರಡನ್ನೂ ಹುಡುಕಲು ಬರಬೇಕು. "ಯುನಿಕೋಡ್ ಸಪೋರ್ಟ್ ಇದೆ" ಎಂಬ ಒಂದು ವಾಕ್ಯಕ್ಕೆ ಇಲ್ಲಿ ಸಮಾಧಾನಪಡಬಾರದು. ಅಕ್ಷರ ಕಾಣುವುದು ಬೇರೆ, ಹುಡುಕಿದಾಗ ಸಿಗುವುದು ಬೇರೆ.

ನಾಲ್ಕನೆಯದು ಕರೆಂಟು ಮತ್ತು ನೆಟ್. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವಾಗ ಎಸಿ ಇಲ್ಲದ ಕೋಣೆಯಲ್ಲಿ ಇಪ್ಪತ್ತನಾಲ್ಕು ತಾಸು ಓಡುವ ಕಂಪ್ಯೂಟರಿನ ಗತಿಯನ್ನು ಯೋಚಿಸಿಯೇ ಸರ್ವರ್ ಎಲ್ಲಿಡಬೇಕೆಂದು ತೀರ್ಮಾನಿಸಬೇಕು. ಐದನೆಯದು ಹಣ. ಅದರ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ಆದರೆ ತಪ್ಪಾದ ಜಾಗದಲ್ಲಿ ಹುಡುಕುತ್ತಾರೆ. ತಂತ್ರಾಂಶದ ಬೆಲೆ ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು. ದೊಡ್ಡ ಪಾಲು ಡೇಟಾ ಎಂಟ್ರಿಯದು. ನನ್ನ ಅನುಭವದಲ್ಲಿ ಒಬ್ಬರು ದಿನಕ್ಕೆ ಸುಮಾರು 60 ಪುಸ್ತಕಗಳನ್ನು ಸರಿಯಾಗಿ ನಮೂದಿಸಬಲ್ಲರು. ಹಾಗಾದರೆ ಯಾದಗಿರಿಯವರ 12,000 ಪುಸ್ತಕಗಳಿಗೆ 200 ಕೆಲಸದ ದಿನಗಳು ಬೇಕು. ಉಚಿತ ತಂತ್ರಾಂಶವಾದರೂ ಅಷ್ಟೇ ದಿನ, ದುಬಾರಿ ತಂತ್ರಾಂಶವಾದರೂ ಅಷ್ಟೇ ದಿನ.

ಕೋಹಾ

ಕೋಹಾ ಎಂದರೆ ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ಅದರ ಹುಟ್ಟಿನ ಕಥೆ ನಮಗೆ ಪರಕೀಯವೆನಿಸುವುದಿಲ್ಲ. 1999ರಲ್ಲಿ ಹೊರೊಫೆನುವಾ ಎಂಬ ಸಣ್ಣ ಜಿಲ್ಲೆಯ ಗ್ರಂಥಾಲಯ ಸಂಸ್ಥೆಗೆ ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟಲಾರದೆಂದು ಗೊತ್ತಾಯಿತು. ಹೊಸದನ್ನು ಕೊಳ್ಳಲು ಹೊರಟರೆ ಶಾಖೆಗಳ ನಡುವೆ ಇದ್ದದ್ದು ಸಾಧಾರಣ ಫೋನ್ ಲೈನು ಮಾತ್ರ, ಅದು ಸಾಲುತ್ತಿರಲಿಲ್ಲ. ಕಟಿಪೊ ಎಂಬ ಚಿಕ್ಕ ಕಂಪನಿಯಿಂದ ತಮಗೆ ಬೇಕಾದಂತೆ ಬರೆಯಿಸಿಕೊಂಡು, 2000ದ ಜನವರಿಯಲ್ಲಿ ಬಳಕೆಗೆ ತಂದು, ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಇಂದು ಅದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಲಭ್ಯವಿದ್ದು, ಪ್ರತಿ ವರ್ಷ ಮೇ ಮತ್ತು ನವೆಂಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ. ಆವೃತ್ತಿಯ ಹೆಸರೇ ವರ್ಷ ಮತ್ತು ತಿಂಗಳಾಗಿರುವುದರಿಂದ, ಯಾರಾದರೂ ನಿಮಗೆ ಕೋಹಾ ಹಾಕಿಕೊಟ್ಟಾಗ ಅದು ಎಷ್ಟು ಹಳೆಯದೆಂದು ಆ ಸಂಖ್ಯೆ ನೋಡಿಯೇ ಹೇಳಬಹುದು. ಈ ಒಂದು ಸಣ್ಣ ಪರೀಕ್ಷೆಯಿಂದ ಹಲವು ಸಲ ಬಹಳ ಸಂಗತಿ ಹೊರಬೀಳುತ್ತದೆ.

ಕೋಹಾದ ಬಲ ಅದರ ಮಾರ್ಕ್ ದಾಖಲೆ. ಎಲ್ಲವೂ ಮಾರ್ಕ್21ರಲ್ಲಿಯೇ ಕೂರುತ್ತದೆ, ಒಂದು ಗುಂಡಿ ಒತ್ತಿದರೆ ಹೊರಗೂ ಬರುತ್ತದೆ. ಇಂಗ್ಲಿಷ್ ಪಠ್ಯಪುಸ್ತಕಗಳಿದ್ದರೆ ಝಡ್39.50 ಎಂಬ ಸಂಪರ್ಕದ ಮೂಲಕ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಹಾಕಿ ಹೊರಗಿನ ಗ್ರಂಥಾಲಯಗಳಿಂದ ಸಿದ್ಧ ದಾಖಲೆಯನ್ನು ಎಳೆದುಕೊಳ್ಳಬಹುದು. ಇಂಜಿನಿಯರಿಂಗ್ ಕಾಲೇಜಿಗೆ ಇದು ತಿಂಗಳುಗಟ್ಟಲೆ ಕೆಲಸವನ್ನು ಉಳಿಸುತ್ತದೆ. ಕನ್ನಡ ಪುಸ್ತಕಗಳಿಗೆ ಈ ಸೌಕರ್ಯ ಅಷ್ಟಾಗಿ ದಕ್ಕುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅಂಥ ಪುಸ್ತಕದ ದಾಖಲೆ ಸಿಕ್ಕರೂ ಅದು ಮೇಲೆ ಗೆರೆ, ಕೆಳಗೆ ಚುಕ್ಕಿ ಇರುವ ರೋಮನ್ ಅಕ್ಷರಗಳಲ್ಲಿ ಇರುತ್ತದೆ. ಅದನ್ನು ಹಾಗೆಯೇ ಇಳಿಸಿಕೊಂಡರೆ ನಮ್ಮ ಓದುಗರು ಹುಡುಕಿ ಸೋಲುತ್ತಾರೆ. 245ರಲ್ಲಿ ಕನ್ನಡದಲ್ಲಿ ಮತ್ತೆ ಟೈಪ್ ಮಾಡಲೇಬೇಕು.

ಕನ್ನಡ ಹುಡುಕಾಟದ ವಿಷಯದಲ್ಲಿ ಕೋಹಾ ಚೆನ್ನಾಗಿಯೂ ನಡೆಯುತ್ತದೆ, ಕೆಟ್ಟದಾಗಿಯೂ ನಡೆಯುತ್ತದೆ. ಅದು ಹಾಕಿಕೊಟ್ಟವರ ಕೈಗುಣ. ಕೋಹಾದೊಳಗೆ ಹುಡುಕುವ ಕೆಲಸ ಮಾಡುವುದು ಝೀಬ್ರಾ ಎಂಬ ಇನ್ನೊಂದು ತಂತ್ರಾಂಶ. ಅದರಲ್ಲಿ ಪದಗಳನ್ನು ಒಡೆಯುವ ವಿಧಾನಗಳು ಎರಡು. ಸಿಎಚ್‌ಆರ್ ಎಂಬುದು ರೋಮನ್ ಲಿಪಿಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟದ್ದು, ಐಸಿಯು ಎಂಬುದು ಉಳಿದ ಲಿಪಿಗಳನ್ನೂ ಬಲ್ಲದ್ದು. ಅವಸರದಲ್ಲಿ ಹಾಕಿದವರು ಮೊದಲನೆಯದರಲ್ಲಿಯೇ ಬಿಟ್ಟುಹೋಗುತ್ತಾರೆ. ಎರಡನೆಯದಕ್ಕೆ ಬದಲಿಸಿ ಸೂಚಿಯನ್ನು ಪೂರ್ತಿಯಾಗಿ ಮರುಕಟ್ಟಿಸಿದ ಮೇಲೆ ಕನ್ನಡ, ಉರ್ದು, ಮರಾಠಿ ಮೂರೂ ಒಂದು ಹದಕ್ಕೆ ಬರುತ್ತವೆ. ಇದರ ಮೇಲೆ ನಮ್ಮ ಭಾಷೆಯದೇ ಒಂದು ತೊಡಕಿದೆ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಳ್ಳುತ್ತದೆ. ಶೀರ್ಷಿಕೆಯಲ್ಲಿ "ಬಸವಣ್ಣನವರ" ಎಂದಿದ್ದರೆ, "ಬಸವಣ್ಣ" ಎಂದು ಹುಡುಕಿದವರಿಗೆ ಅದು ಸಿಗದೇ ಹೋಗಬಹುದು. ಕೋಹಾದ ಆಯ್ಕೆಗಳಲ್ಲಿ ಪದದ ಬಾಲವನ್ನು ತಾನಾಗಿಯೇ ಬಿಟ್ಟು ಹುಡುಕುವ ಏರ್ಪಾಡು ಇದೆ. ಅದನ್ನು ಚಾಲೂ ಇಡಬೇಕು. ಪರದೆಯ ಮೇಲಿನ ಬರಹಗಳೂ ಕನ್ನಡದಲ್ಲಿ ಸಿಗುತ್ತವೆ. ಆದರೆ ಅನುವಾದ ಪೂರ್ತಿಯಾಗಿಲ್ಲದ ಕಾರಣ ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ. ಅನುವಾದವನ್ನು ಯಾರು ಬೇಕಾದರೂ ತಿದ್ದಿ ಸೇರಿಸಬಹುದು, ಕೋಹಾ ಸಮುದಾಯ ಅದಕ್ಕಾಗಿ ಜಾಲತಾಣವನ್ನೇ ತೆರೆದಿಟ್ಟಿದೆ.

ದೌರ್ಬಲ್ಯವೂ ಸಣ್ಣದಲ್ಲ. ಕೋಹಾಕ್ಕೆ ಲಿನಕ್ಸ್ ಬೇಕು, ಅದರಲ್ಲೂ ಡೆಬಿಯನ್ ಅಥವಾ ಉಬುಂಟು. ಅಪಾಚೆ, ಮರಿಯಾಡಿಬಿ, ಝೀಬ್ರಾ, ಮೆಮ್‌ಕ್ಯಾಶ್ಡ್ ಎಂಬ ಸಹಾಯಕ ತಂತ್ರಾಂಶಗಳೆಲ್ಲ ಒಟ್ಟಿಗೆ ಓಡಬೇಕು. 4 ಜಿಬಿ ಮೆಮೊರಿಗಿಂತ ಕಡಿಮೆಯ ಯಂತ್ರದಲ್ಲಿ ನಾನಂತೂ ಹಾಕುವುದಿಲ್ಲ. ಹಠಾತ್ತನೆ ಕರೆಂಟು ಹೋದಾಗ ಇವುಗಳಲ್ಲಿ ಒಂದು ಏಳದೆ ಉಳಿದರೂ ಗ್ರಂಥಪಾಲಕರಿಗೆ ಕಾಣುವುದು "ಕೋಹಾ ಕೆಟ್ಟಿದೆ" ಎಂಬುದಷ್ಟೇ. ಅಫಜಲಪುರ ಕಡೆಯ ಒಂದು ಕಾಲೇಜಿನಿಂದ ಒಮ್ಮೆ ಬೆಳಿಗ್ಗೆಯೇ ಫೋನು ಬಂತು: ಪುಸ್ತಕಗಳೆಲ್ಲ ಮಾಯವಾಗಿವೆ, ಏನು ಹುಡುಕಿದರೂ ಸೊನ್ನೆ ಬರುತ್ತಿದೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿ ನೋಡಿ ಎಂದೆ, ಇಶ್ಯೂ ಆಯಿತು. ಅಂದರೆ ಪುಸ್ತಕಗಳು ಡೇಟಾಬೇಸಿನಲ್ಲಿ ಭದ್ರವಾಗಿದ್ದವು, ರಾತ್ರಿ ಕರೆಂಟು ಹೋಗಿ ಝೀಬ್ರಾದ ಸೂಚಿ ಮಾತ್ರ ಒಡೆದಿತ್ತು. 'ಕೋಹಾ-ರೀಬಿಲ್ಡ್-ಝೀಬ್ರಾ' ಎಂಬ ಒಂದೇ ಆಜ್ಞೆಯಿಂದ ಹತ್ತು ನಿಮಿಷದಲ್ಲಿ ಎಲ್ಲವೂ ಮರಳಿತು. ಆ ಒಂದು ಸಾಲು ಗೊತ್ತಿದ್ದವರಿಗೆ ಹತ್ತು ನಿಮಿಷ. ಗೊತ್ತಿಲ್ಲದವರು ಹನ್ನೆರಡು ಸಾವಿರ ಪುಸ್ತಕಗಳನ್ನು ಮತ್ತೆ ನಮೂದಿಸಲು ಕೂರುವ ಅಪಾಯವಿತ್ತು.

ಕೋಹಾವನ್ನು ಎಲ್ಲಿಡಬೇಕು ಎಂಬುದಕ್ಕೆ ಮೂರು ದಾರಿಗಳಿವೆ. ಸ್ವಂತ ಕಟ್ಟಡದಲ್ಲಿಟ್ಟರೆ ನೆಟ್ ಇಲ್ಲದಿದ್ದರೂ ಒಳಗಿನ ಲ್ಯಾನ್ ಮೇಲೆ ಕೆಲಸ ಸಾಗುತ್ತದೆ. ಆದರೆ ಯುಪಿಎಸ್, ತಂಪು, ಧೂಳು ಎಲ್ಲವೂ ನಿಮ್ಮ ತಲೆಯ ಮೇಲೆ. ಬಾಡಿಗೆಯ ಕ್ಲೌಡ್ ಸರ್ವರಿನಲ್ಲಿಟ್ಟರೆ 4 ಜಿಬಿ ಯಂತ್ರಕ್ಕೆ ತಿಂಗಳಿಗೆ 2,000 ರೂಪಾಯಿಯ ಆಸುಪಾಸು ಬೀಳುತ್ತದೆ, ಬಿಸಿಲಿನ ಚಿಂತೆ ತಪ್ಪುತ್ತದೆ. ಆದರೆ ನೆಟ್ ಹೋದ ದಿನ ಇಶ್ಯೂ-ರಿಟರ್ನನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಮೂರನೆಯ ದಾರಿ, ವಾರ್ಷಿಕ ಶುಲ್ಕಕ್ಕೆ ಎಲ್ಲವನ್ನೂ ನೋಡಿಕೊಳ್ಳುವ ಸೇವಾದಾರರು. ಇವರೊಡನೆ ಕರಾರು ಮಾಡಿಕೊಳ್ಳುವಾಗ ಡೇಟಾಬೇಸಿನ ಪೂರ್ಣ ಪ್ರತಿ ಪ್ರತಿ ತಿಂಗಳು ನಿಮ್ಮ ಕೈಗೆ ಬರಬೇಕು, ಜಾಲತಾಣದ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಬೇಕು ಎಂಬ ಎರಡು ಷರತ್ತುಗಳನ್ನು ಬರಹದಲ್ಲಿ ಹಾಕಿಸಿ. ಉಳಿದದ್ದನ್ನು ಮಾತಿನಲ್ಲಿ ಬಗೆಹರಿಸಿಕೊಂಡರೂ ನಡೆಯುತ್ತದೆ, ಇವೆರಡು ಮಾತ್ರ ಮಾತಿನಲ್ಲಿ ಉಳಿಯಬಾರದು.

ಸ್ಲಿಮ್ಸ್

ಇಂಡೋನೇಷ್ಯಾದ ಶಿಕ್ಷಣ ಸಚಿವಾಲಯದ ಗ್ರಂಥಾಲಯದವರು 2007ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶವಿದು. ಆ ಗ್ರಂಥಾಲಯ ಜಕಾರ್ತದ ಸೆನಾಯನ್ ಎಂಬ ಬಡಾವಣೆಯಲ್ಲಿದ್ದುದರಿಂದ ಇದಕ್ಕೆ ಸೆನಾಯನ್ ಎಂದೇ ಹೆಸರಾಯಿತು, ಸೆನಾಯನ್ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬುದರ ಚಿಕ್ಕ ರೂಪವೇ ಸ್ಲಿಮ್ಸ್. ಇದೂ ಜಿಪಿಎಲ್ ಪರವಾನಗಿಯದ್ದೇ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇದ್ದರೆ ಸಾಕು. ವಿಂಡೋಸ್ ಕಂಪ್ಯೂಟರಿನಲ್ಲಿ ಇವೆರಡನ್ನೂ ಒಟ್ಟಿಗೆ ಕೊಡುವ ಝ್ಯಾಂಪ್ ಹಾಕಿ, ಫೋಲ್ಡರನ್ನು ನಕಲು ಮಾಡಿ, ಬ್ರೌಸರಿನಲ್ಲಿ ತೆರೆದರೆ ಅರ್ಧ ತಾಸಿನಲ್ಲಿ ಮೊದಲ ಪುಸ್ತಕ ನಮೂದಾಗುತ್ತದೆ. ಸದಸ್ಯರ ಕಾರ್ಡು, ಬಾರ್‌ಕೋಡ್ ಮುದ್ರಣ ಎಲ್ಲ ಜೊತೆಗೇ ಬರುತ್ತದೆ. ಹಳೆಯ ಯಂತ್ರದಲ್ಲೂ ಓಡುತ್ತದೆ. ಬ್ಯಾಕಪ್ ಎಂದರೆ ಒಂದು ಫೋಲ್ಡರು, ಒಂದು ಎಸ್‌ಕ್ಯೂಎಲ್ ಕಡತ. ಪೆನ್‌ಡ್ರೈವಿನಲ್ಲಿ ಹಾಕಿ ಮನೆಗೊಯ್ಯಬಹುದು.

ಇದರ ಮಿತಿ ಎರಡನೆಯ ಅಳತೆಗೋಲಿನಲ್ಲಿ ಗೊತ್ತಾಗುತ್ತದೆ. ಒಳಗೆ ದಾಖಲೆ ಮಾರ್ಕ್ ರೂಪದಲ್ಲಿ ಇರದೆ ಅದರದೇ ಸರಳ ಕೋಷ್ಟಕಗಳಲ್ಲಿ ಇರುತ್ತದೆ. ಸಿಎಸ್‌ವಿ ಕಡತವಾಗಿ ಹೊರತೆಗೆದು ಮುಂದೆ ಮಾರ್ಕಿಗೆ ಪರಿವರ್ತಿಸಬಹುದು, ಅದಕ್ಕೆ ಒಬ್ಬರ ಒಂದೆರಡು ವಾರದ ಕೆಲಸ ಹಿಡಿಯುತ್ತದೆ. ಹೀಗಾಗಿ 5,000 ಪುಸ್ತಕಗಳೊಳಗಿನ, ಇನ್ನೂ ಹೆಚ್ಚು ಬೆಳೆಯದ ಗ್ರಂಥಾಲಯಕ್ಕೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಹಲವು ಶಾಖೆ, ಹಲವು ಬಗೆಯ ಸದಸ್ಯರು, ನಿಯತಕಾಲಿಕೆಗಳ ಚಂದಾ ಎಲ್ಲ ಇರುವ ಕಡೆ ಇದು ಸಾಲದು.

ಇ-ಗ್ರಂಥಾಲಯ ಮತ್ತು ಸೋಲ್

ಇವೆರಡು ಮುಕ್ತ ತಂತ್ರಾಂಶಗಳಲ್ಲ. ಒಂದು ಉಚಿತ, ಇನ್ನೊಂದಕ್ಕೆ ಶುಲ್ಕ ಉಂಟು. ಉಚಿತಕ್ಕೂ ಮುಕ್ತಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಇ-ಗ್ರಂಥಾಲಯವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ರೂಪಿಸಿದ್ದು ಸರ್ಕಾರಿ ಗ್ರಂಥಾಲಯಗಳಿಗೆ ಹಣ ಪಡೆಯದೆ ಕೊಡುತ್ತದೆ. 4.0 ಆವೃತ್ತಿ ಬ್ರೌಸರಿನಲ್ಲಿಯೇ ನಡೆಯುತ್ತದೆ, ಎನ್‌ಐಸಿಯ ಕ್ಲೌಡಿನಲ್ಲಿ ಕೂರುತ್ತದೆ. ಗ್ರಂಥಪಾಲಕರು ಸರ್ವರ್, ಬ್ಯಾಕಪ್, ಆವೃತ್ತಿ ಯಾವುದರ ಗೋಜಿಗೂ ಹೋಗಬೇಕಾಗಿಲ್ಲ. ನನ್ನ ಮೊದಲ ಅಳತೆಗೋಲಿನಲ್ಲಿ ಇದಕ್ಕೆ ಪೂರ್ಣ ಅಂಕ: ಎಬ್ಬಿಸುವವರು ದೆಹಲಿಯಲ್ಲಿದ್ದಾರೆ. ಅದೇ ಅದರ ಕೊರತೆಯೂ ಹೌದು. ಕನ್ನಡ ಹುಡುಕಾಟದಲ್ಲಿ ತೊಂದರೆ ಕಂಡರೆ ನೀವು ಕೋಡನ್ನು ತೆರೆದು ತಿದ್ದಲಾರಿರಿ, ವಿನಂತಿ ಕಳಿಸಿ ಕಾಯಬೇಕು. ನೆಟ್ ನಿಲ್ಲದ ಊರಿನಲ್ಲಿ ಕೌಂಟರ್ ಕೂಡ ನಿಲ್ಲುತ್ತದೆ. ಖಾಸಗಿ ಸಂಘ ಸಂಸ್ಥೆಗಳಿಗೆ ಈ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ.

ಸೋಲ್ ತಂತ್ರಾಂಶವನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗಾಗಿಯೇ ಕಟ್ಟಿದ್ದು. 2.0 ಆವೃತ್ತಿ 2009ರಲ್ಲಿ, 3.0 ಆವೃತ್ತಿ 2021ರಲ್ಲಿ ಬಂದವು. ವಿಂಡೋಸ್ ಬಲ್ಲವರು ಸುಲಭವಾಗಿ ಕಲಿಯುತ್ತಾರೆ, ಮಾರ್ಕ್21ನ್ನು ಪಾಲಿಸುತ್ತದೆ, ತರಬೇತಿ ಇದೆ. ಗ್ರಂಥಾಲಯ ವಿಜ್ಞಾನ ಓದಿದ ಬಹುತೇಕರು ಒಮ್ಮೆಯಾದರೂ ಅದರ ಪರದೆ ನೋಡಿರುತ್ತಾರೆ. ಒಬ್ಬರು ಹೋಗಿ ಇನ್ನೊಬ್ಬರು ಬಂದಾಗ ಇದು ಬಹಳ ದೊಡ್ಡ ಅನುಕೂಲ. ದರ ಆಗಾಗ ಬದಲಾಗುವುದರಿಂದ ಕೇಂದ್ರದಿಂದಲೇ ನೇರವಾಗಿ ಕೇಳಿ ತಿಳಿಯುವುದು ಒಳ್ಳೆಯದು. ಈಗಾಗಲೇ ಸೋಲ್ ನಡೆಸುತ್ತಿರುವ ಕಾಲೇಜು, ಅದು ಚೆನ್ನಾಗಿ ನಡೆಯುತ್ತಿದ್ದರೆ, ಯಾರದೋ ಮಾತು ಕೇಳಿ ಕೋಹಾಕ್ಕೆ ಹಾರಬೇಕೆಂದು ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಮಾರ್ಕ್ ಕಡತವನ್ನು ಹೊರತೆಗೆದು ಜೋಪಾನವಾಗಿಟ್ಟುಕೊಂಡರೆ ಸಾಕು.

ನ್ಯಾಕ್ ಭೇಟಿಗಾಗಿ ಕೋಹಾ ಇರಲೇಬೇಕಂತೆ ಎಂಬ ಸುದ್ದಿ ಕೆಲವು ಕಾಲೇಜುಗಳಲ್ಲಿ ಓಡಾಡುತ್ತಿದೆ. ಇದುವರೆಗಿನ ನಮೂನೆಗಳಲ್ಲಿ ಕೇಳಿರುವುದು ತಂತ್ರಾಂಶದ ಹೆಸರು, ಆವೃತ್ತಿ, ಯಾಂತ್ರೀಕರಣ ಪೂರ್ಣವೋ ಭಾಗಶಃವೋ, ಯಾವ ವರ್ಷ ಆಯಿತು ಎಂಬುದನ್ನು. ಇಂಥದ್ದೇ ಇರಬೇಕೆಂದು ಎಲ್ಲಿಯೂ ಇಲ್ಲ.

ಉಳಿದವು

ಹೈದರಾಬಾದಿನಲ್ಲಿ ಹುಟ್ಟಿ 2008ರಲ್ಲಿ ಮುಕ್ತವಾದ ನ್ಯೂಜೆನ್‌ಲಿಬ್ ಒಂದು ಕಾಲಕ್ಕೆ ಭರವಸೆ ಮೂಡಿಸಿತ್ತು. ಈಗ ಅದರ ಬೆಳವಣಿಗೆ ತಣ್ಣಗಾಗಿರುವುದರಿಂದ ಹೊಸದಾಗಿ ಹಾಕುವವರಿಗೆ ಬೇಡವೆನ್ನುತ್ತೇನೆ. ಅಮೆರಿಕದ ಜಾರ್ಜಿಯಾ ರಾಜ್ಯದ ಗ್ರಂಥಾಲಯಗಳಿಗಾಗಿ ಬರೆದ ಎವರ್‌ಗ್ರೀನ್ ನೂರಾರು ಶಾಖೆಗಳು ಒಂದೇ ಕ್ಯಾಟಲಾಗ್ ಹಂಚಿಕೊಳ್ಳುವ ಕಡೆಗೆ ಸರಿ, ಒಂಟಿ ಕಾಲೇಜಿಗೆ ಅಲ್ಲ. ಫೋಲಿಯೊ ಎಂಬ ಇನ್ನೊಂದು ಮುಕ್ತ ತಂತ್ರಾಂಶಕ್ಕೆ ನಮ್ಮಲ್ಲಿನ ಯಾವ ಕಾಲೇಜಿನ ಸರ್ವರ್ ಕೂಡ ಸಾಲದು. ಹಳೆಯ ಪ್ರಶ್ನೆಪತ್ರಿಕೆ, ಪ್ರಬಂಧಗಳ ಪಿಡಿಎಫ್ ಇಡಲು ಡಿಸ್ಪೇಸ್ ಕೇಳುವವರಿದ್ದಾರೆ. ಅದು ಪುಸ್ತಕ ಕೊಟ್ಟು ಪಡೆಯುವ ತಂತ್ರಾಂಶವೇ ಅಲ್ಲ, ಈ ಹೋಲಿಕೆಯಲ್ಲಿ ಅದಕ್ಕೆ ಜಾಗವಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ಏನು ಹಾಕಬೇಕೆಂಬ ತೀರ್ಮಾನ ಮೇಲಿನಿಂದ ಬರುವುದರಿಂದ ಅವನ್ನೂ ಇಲ್ಲಿ ಬಿಟ್ಟಿದ್ದೇನೆ.

ಯಾವುದನ್ನು ಆರಿಸಿದರೂ ತಪ್ಪದ ಕೆಲಸ

ಆಯ್ಕೆಯ ಮಾತಿನಲ್ಲಿ ಇದನ್ನು ಸೇರಿಸಲು ಕಾರಣವಿದೆ: ಹೊಲಸು ದತ್ತಾಂಶವನ್ನು ಎತ್ತಿ ಹಾಕಿದರೆ ನಾಲ್ಕು ತಂತ್ರಾಂಶಗಳೂ ಸಮಾನವಾಗಿ ಕೆಟ್ಟದಾಗಿ ಕಾಣುತ್ತವೆ, ಹೋಲಿಕೆಯೇ ಹಳ್ಳ ಹಿಡಿಯುತ್ತದೆ. ನಮ್ಮಲ್ಲಿ ಹಳೆಯ ಪಟ್ಟಿಗಳು ಹೆಚ್ಚಾಗಿ ಎಕ್ಸೆಲ್‌ನಲ್ಲಿ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿವೆ, ಉರ್ದುವಾದರೆ ಇನ್‌ಪೇಜ್‌ನಲ್ಲಿ. ಅವುಗಳನ್ನು ಯುನಿಕೋಡಿಗೆ ತರುವ ಮುಕ್ತ ಪರಿವರ್ತಕಗಳು ಲಭ್ಯವಿದ್ದರೂ ಪರಿವರ್ತನೆಯಾದ ಮೇಲೆ ಕಣ್ಣಿಗೆ ಕಾಣದ ತಪ್ಪುಗಳು ಉಳಿಯುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸೊನ್ನೆ. ಡಿಟಿಪಿ ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿರುತ್ತಾರೆ. "ಸಂಪುಟ" ಮತ್ತು "ಸ೦ಪುಟ" ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಪದಗಳು. ಒಂದು ಕಾಲೇಜಿನಲ್ಲಿ "ಸಂಪುಟ" ಎಂದು ಹುಡುಕಿದರೆ ಮೂರೇ ಪುಸ್ತಕ ಬಂದಾಗ, ನಾಲ್ಕು ಕಪಾಟು ಸಂಪುಟಗಳ ಎದುರಿಗೇ ನಿಂತಿದ್ದ ಗ್ರಂಥಪಾಲಕರು ತಂತ್ರಾಂಶವನ್ನು ಬೈದರು. ತಪ್ಪು ಹತ್ತು ವರ್ಷ ಹಿಂದಿನ ಒಂದು ಕೀಲಿಯದು. "ಕೊ", "ಕೋ" ಇಂಥ ಅಕ್ಷರಗಳನ್ನೂ ಯುನಿಕೋಡಿನಲ್ಲಿ ಎರಡು ರೀತಿ ಕೂಡಿಸಬಹುದು. ಎಲ್ಲವನ್ನೂ ಒಂದು ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ಹಂತವನ್ನು ಬಿಡದೆ ಮಾಡಿಸಬೇಕು.

ಇನ್ನೊಂದು ನಮ್ಮೂರಿನದೇ ಹೆಸರಿನ ಗೋಜಲು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ಪ್ರಕಟಣೆಯ ಸ್ಥಳವೆಂಬ ಕಾಲಮಿನಲ್ಲಿ ಗುಲ್ಬರ್ಗ, ಗುಲಬರ್ಗಾ, ಗುಲ್ಬರ್ಗಾ, ಕಲಬುರ್ಗಿ, ಕಲಬುರಗಿ, ಜೊತೆಗೆ ಇಂಗ್ಲಿಷಿನ ಎರಡು ಮೂರು ರೂಪಗಳು ಒಂದೇ ಪಟ್ಟಿಯಲ್ಲಿ ಕಂಡಿವೆ. ಓಪನ್‌ರಿಫೈನ್ ಎಂಬ ಮುಕ್ತ ಸಾಧನದಲ್ಲಿ ಆ ಕಾಲಮನ್ನು ತೆರೆದರೆ ಎಷ್ಟು ಬಗೆಯ ಕಾಗುಣಿತ, ಯಾವುದು ಎಷ್ಟು ಸಲ ಎಂದು ಎಡಬದಿಯಲ್ಲಿ ಪಟ್ಟಿ ನಿಲ್ಲುತ್ತದೆ. ಒಂದೊಂದನ್ನೂ ಒಮ್ಮೆ ತಿದ್ದಿದರೆ ಸಾವಿರ ಸಾಲುಗಳು ಒಟ್ಟಿಗೆ ತಿದ್ದಲ್ಪಡುತ್ತವೆ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯಬಲ್ಲವರು, ಮಾರ್ಕ್ ದಾಖಲೆಗಳನ್ನು ಓದಿ ತಿದ್ದುವ ಪೈಮಾರ್ಕ್ ಬಳಸಿ ಸೊನ್ನೆ-ಅನುಸ್ವಾರದ ಕೆಲಸವನ್ನು ಇಪ್ಪತ್ತು ಸಾಲಿನಲ್ಲಿ ಮುಗಿಸಬಹುದು. ಬರೆಯಲಾರದವರಿಗೆ ಮಾರ್ಕ್‌ಎಡಿಟ್ ಇದೆ, ಉಚಿತ, ಆದರೆ ಮುಕ್ತವಲ್ಲ.

ಇಂಥ ಸಾಧನಗಳು ತಾವಾಗಿ ಹುಟ್ಟಿದವಲ್ಲ. ಗ್ರಂಥಾಲಯಗಳೊಳಗೆ ಕುಳಿತು ಕೋಡ್ ಬರೆಯುವವರು ತಮಗೆ ಬೇಕಾದದ್ದನ್ನು ಬರೆದುಕೊಂಡು ಪಕ್ಕದವರಿಗೂ ಕೊಟ್ಟದ್ದರಿಂದ ಉಳಿದವು. 2003ರಲ್ಲಿ ಆರಂಭವಾದ ಕೋಡ್‌ಫೋರ್‌ಲಿಬ್ ಎಂಬ ಬಳಗ ಇದಕ್ಕೆ ಹೆಸರಾದದ್ದು. 2006ರಿಂದ ಅವರು ಸಮ್ಮೇಳನಗಳನ್ನೂ ನಡೆಸುತ್ತಿದ್ದಾರೆ. ಕನ್ನಡದ ಸೊನ್ನೆಯ ತೊಂದರೆಯನ್ನು ಮಾತ್ರ ಅಲ್ಲಿ ಯಾರೂ ನಮಗಾಗಿ ಬಿಡಿಸಿಕೊಡಲಾರರು. ಕಲಬುರಗಿಯ ಒಂದು ಕಾಲೇಜಿನಲ್ಲಿ ಬರೆದ ಇಪ್ಪತ್ತು ಸಾಲು ಯಾದಗಿರಿಗೆ ತಲುಪಬೇಕು, ಬೀದರಿನವರು ಅದಕ್ಕೆ ಉರ್ದುವಿನಲ್ಲಿ ಕಂಪ್ಯೂಟರಿಗೆ ಬೇರೆ ಬೇರೆಯಾದ ಎರಡು ಬಗೆಯ "ಯೇ" ಅಕ್ಷರಗಳ ತಿದ್ದುಪಡಿ ಸೇರಿಸಬೇಕು. ಮುಕ್ತ ತಂತ್ರಾಂಶವನ್ನು ಆರಿಸುವುದರಲ್ಲಿರುವ ನಿಜವಾದ ಲಾಭ ಇದೇ ಎಂದು ನನ್ನ ಎಣಿಕೆ. ಹಣ ಉಳಿಯುವುದು ಆಮೇಲಿನ ಮಾತು.

ಬ್ಯಾಕಪ್ ಬಗ್ಗೆ ಒಂದು ತಪ್ಪೊಪ್ಪಿಗೆ. ಕೋಹಾ ಪ್ರತಿ ರಾತ್ರಿ ತಾನಾಗಿಯೇ ಡೇಟಾಬೇಸಿನ ಪ್ರತಿ ತೆಗೆದಿಡುತ್ತದೆ. ಆದರೆ ಅದೇ ಯಂತ್ರದ ಅದೇ ಡಿಸ್ಕಿನಲ್ಲಿ, ಕೊನೆಯ ಎರಡು ದಿನಗಳದ್ದನ್ನು ಮಾತ್ರ. ಒಂದು ಮೇ ತಿಂಗಳಲ್ಲಿ ನಾನೇ ಹಾಕಿದ ಸರ್ವರಿನ ಡಿಸ್ಕು ಬಿಸಿಲಿಗೆ ಕೈಕೊಟ್ಟಿತು, ಬ್ಯಾಕಪ್ಪೂ ಜೊತೆಗೇ ಹೋಯಿತು. ಎರಡು ತಿಂಗಳ ಡೇಟಾ ಎಂಟ್ರಿಯನ್ನು ಬಂದ ಪುಸ್ತಕಗಳನ್ನು ಬರೆದಿಡುವ ಅಕ್ಸೆಶನ್ ರಿಜಿಸ್ಟರ್ ಮುಂದಿಟ್ಟುಕೊಂಡು ಮತ್ತೆ ಮಾಡಿಸಬೇಕಾಯಿತು. ಆ ಹುಡುಗಿ, ಎರಡು ತಿಂಗಳು ಟೈಪ್ ಮಾಡಿದವಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನಾನು ಹಾಕುವ ಪ್ರತಿ ಸರ್ವರಿನಿಂದಲೂ ರಾತ್ರಿಯ ಪ್ರತಿ ಇನ್ನೊಂದು ಕಟ್ಟಡದ ಕಂಪ್ಯೂಟರಿಗೆ ಹೋಗುತ್ತದೆ, ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡುತ್ತೇನೆ.

ಮೂವರಿಗೂ ಹೇಳಿದ್ದು

ಯಾದಗಿರಿಯ ಕಾಲೇಜಿನವರ ಬಳಿ ಲಿನಕ್ಸ್ ಬಲ್ಲವರಿಲ್ಲ, ಕಾಲೇಜು ಸರ್ಕಾರದ್ದು, ಬ್ರಾಡ್‌ಬ್ಯಾಂಡ್ ಒಂದು ಮಟ್ಟಿಗೆ ನಿಲ್ಲುತ್ತದೆ. ಅವರಿಗೆ ಮೊದಲು ಇ-ಗ್ರಂಥಾಲಯಕ್ಕೆ ಬರೆಯಿರಿ ಎಂದೆ. ಸಿಗದಿದ್ದರೆ ಸೇವಾದಾರರ ಮೂಲಕ ಕೋಹಾ, ಮೇಲಿನ ಎರಡು ಷರತ್ತುಗಳೊಂದಿಗೆ. ಸ್ವಂತ ಸರ್ವರ್ ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ತಂತ್ರಾಂಶಕ್ಕೆಂದು ತೆಗೆದಿಟ್ಟ ಹಣದಲ್ಲಿ ಹೆಚ್ಚಿನ ಪಾಲನ್ನು ಡೇಟಾ ಎಂಟ್ರಿಗೆ ಒಬ್ಬರನ್ನು ಇಟ್ಟುಕೊಳ್ಳಲು ಬಳಸಬೇಕು. ಇಂಜಿನಿಯರಿಂಗ್ ಕಾಲೇಜಿನವರಿಗೆ ಸ್ವಂತ ಸರ್ವರಿನಲ್ಲಿ ಕೋಹಾ, ಹೆಚ್ಚು ಯೋಚಿಸಬೇಕಾಗಿಲ್ಲ. ಒಂದೇ ಎಚ್ಚರ: ವ್ಯವಸ್ಥೆಯನ್ನು ಅಂತಿಮ ವರ್ಷದ ಹುಡುಗರ ಪ್ರಾಜೆಕ್ಟಾಗಿ ಮಾಡಬೇಡಿ. ಜೂನಿನಲ್ಲಿ ಅವರು ಊರಿಗೆ ಹೋಗುತ್ತಾರೆ, ಪಾಸ್‌ವರ್ಡೂ ಜೊತೆಗೆ ಹೋಗುತ್ತದೆ.

ಬೀದರಿನ ಮಾಸ್ತರರ ವಿಷಯದಲ್ಲಿ ನಾನು ಎರಡು ವಾರ ಹಿಂದೆಮುಂದೆ ನೋಡಿದೆ. ನಾಲ್ಕು ಭಾಷೆಗಳ ಕಾರಣಕ್ಕೆ ಕೋಹಾ ಎನ್ನಬೇಕು, ನಡೆಸುವವರಿಲ್ಲದ ಕಾರಣಕ್ಕೆ ಸ್ಲಿಮ್ಸ್ ಎನ್ನಬೇಕು. ಕೊನೆಗೆ ಅವರ ಬಳಿಗೇ ಹೋಗಿ, ಕಪಾಟಿನಿಂದ ಹತ್ತು ಪುಸ್ತಕಗಳನ್ನು ಇಳಿಸಿದೆವು: ನಾಲ್ಕು ಕನ್ನಡ, ಮೂರು ಉರ್ದು, ಎರಡು ಮರಾಠಿ, ಒಂದು ಹಿಂದಿ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ತಂತ್ರಾಂಶಗಳಿದ್ದವು. ಎರಡರಲ್ಲೂ ಹತ್ತನ್ನೂ ಅವರ ಕೈಯಿಂದಲೇ ನಮೂದು ಮಾಡಿಸಿ, ಆಮೇಲೆ ಒಂದೊಂದು ಪದ ಹಾಕಿ ಹುಡುಕಿಸಿದೆ. ಕೋಹಾದಲ್ಲಿ ಹತ್ತೂ ಸಿಕ್ಕವು. ಸ್ಲಿಮ್ಸಿನಲ್ಲಿ ಒಂಬತ್ತು, ಸಿಗದ ಒಂದು ಉರ್ದು ಪುಸ್ತಕ, ಅದರ "ಯೇ" ಅರಬ್ಬಿ ಕೀಲಿಮಣೆಯದಾಗಿತ್ತು. ನಮೂದಿಸಲು ಕೋಹಾದಲ್ಲಿ ಒಂದೂವರೆ ತಾಸು ಹಿಡಿದಿತ್ತು, ಸ್ಲಿಮ್ಸಿನಲ್ಲಿ ಮೂವತ್ತೈದು ನಿಮಿಷ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಆ ಒಂದನ್ನ ನಾನೇ ಹುಡುಕಿ ಕೊಡ್ತೀನ್ರಿ, ಅದು ಎಲ್ಲದ ನನಗ ಗೊತ್ತದ" ಎಂದರು. ಸ್ಲಿಮ್ಸ್ ಹಾಕಿಕೊಟ್ಟು, ಉರ್ದುವಿನ "ಯೇ" ಯಾವ ಕೀಲಿಯಿಂದ ಒತ್ತಬೇಕೆಂದು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿ ಬಂದೆ.